ಮಾವನ ಹೆಸರು

ಡಾಕ್ಟರ್ ದೊಡ್ಡೀರಪ್ಪನವರು ಸೂಜಿ ಚುಚ್ಚುವ ಡಾಕ್ಟರಲ್ಲ ಎನ್ನುವುದು ಚಳ್ಳಕೆರೆಯ ಜನಕ್ಕೆ ಮನದಟ್ಟಾಗಲು ಎರಡು ವರ್ಷ ಹಿಡಿಯಿತು. ದೆಹಲಿಯಿಂದ ನಿವೃತ್ತರಾಗಿ ಬಂದು ಇಲ್ಲಿ ಮನೆ ಮಾಡಿದ ಹೊಸತರಲ್ಲಿ ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು ಹಳೆಯ ಚೀಟಿಗಳನ್ನು ಹಿಡಿದು ಬಾಗಿಲು ಬಡಿಯುತ್ತಿದ್ದರು. ಹೊರದೇಶಗಳ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಹೇಳುತ್ತಿದ್ದವನು ತಾನು ಎಂದು ವಿವರಿಸಿದರೆ ಅವರಿಗೆ ಮತ್ತಷ್ಟು ಗೊಂದಲ. ಒಬ್ಬ ಮುದುಕಿಯಂತೂ ಎಲ್ಲ ಕೇಳಿಸಿಕೊಂಡು, “ಹಂಗಾರೆ ನಮಗೂ ಪಕ್ಕದ ಮನೆಯೋರಿಗೂ ಗೋಡೆ ತಕರಾರೈತೆ, ಅದಕ್ಕೊಂದು ಸಲಹೆ ಹೇಳ್ರಿ” ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟಿದ್ದಳು. ಗೋಡೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಅವರ ವಿದ್ಯೆ ನಡೆಯುವುದಿಲ್ಲ. ಅದಕ್ಕೆ ಏನಿದ್ದರೂ ಐದಾರು ಸಾವಿರ ಮೈಲಿ ದೂರ ಬೇಕು.

ಊರಿಗೆ ಅವರು ಡಾಕ್ಟರು. ಈ ಕಥೆಗೆ ಬರೀ ದೊಡ್ಡೀರಪ್ಪ ಸಾಕು, ಯಾಕೆಂದರೆ ಕಥೆ ನಡೆಯುವಷ್ಟು ಹೊತ್ತೂ ಅವನು ಒಬ್ಬ ತಂಗಿಗೆ ಅಣ್ಣ, ಒಬ್ಬ ಅಳಿಯನಿಗೆ ಸೋದರಮಾವ, ಅಷ್ಟೆ. ಆ ಅಳಿಯ ಲೋಹಿತ ನಲವತ್ತೊಂದು ದಿನದಿಂದ ಆಫ್ರಿಕಾದ ಒಂದು ದೇಶದ ಸೈನಿಕರ ಸೆರೆಯಲ್ಲಿದ್ದ. ಬದುಕಿದ್ದಾನೋ ಇಲ್ಲವೋ ಎನ್ನುವುದೇ ಸರಿಯಾಗಿ ತಿಳಿದಿರಲಿಲ್ಲ.

ಆ ದೇಶದ ಹೆಸರು ಅವರ ಹುಟ್ಟೂರಾದ ಹಟ್ಟಿಯಲ್ಲಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅದನ್ನು ಶೇಂಗಾ ದೇಶ ಎಂದೇ ಕರೆಯುತ್ತಿದ್ದರು. ಅಲ್ಲೂ ಇಲ್ಲಿಯಂತೆಯೇ ಕೆಂಪು ನೆಲ, ಸುಡುಬಿಸಿಲು, ಕಣ್ಣು ಹಾಯಿಸಿದಷ್ಟೂ ಶೇಂಗಾ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ ಅಜ್ಜಪ್ಪನೆಂಬ ಮಿಲ್ ಮಾಲೀಕ ತನ್ನ ನಾಲ್ಕು ಹಳೆಯ ಎಕ್ಸ್‌ಪೆಲ್ಲರುಗಳನ್ನು, ಅಂದರೆ ಎಣ್ಣೆ ಹಿಂಡುವ ಯಂತ್ರಗಳನ್ನು, ಅಲ್ಲಿನ ವ್ಯಾಪಾರಿಗೆ ಮಾರಿದ. ಜೋಡಿಸಿ, ಓಡಿಸಿ ತೋರಿಸಲು ಇಬ್ಬರು ಫಿಟ್ಟರುಗಳನ್ನೂ ಕಳಿಸಿದ. ಒಬ್ಬ ಲೋಹಿತ, ಇನ್ನೊಬ್ಬ ನಾಯಕನಹಟ್ಟಿಯ ಮಾರುತೇಶ. ಆರು ತಿಂಗಳ ಕೆಲಸ. ಕಳಿಸಬಹುದಾ ಎಂದು ಲೋಹಿತನ ತಾಯಿ ಜುಂಜಮ್ಮ ಅಣ್ಣನನ್ನು ಕೇಳಿದ್ದಳು. ಗಲಾಟೆ ನಿಂತು ನಾಲ್ಕು ವರ್ಷವಾಯಿತು, ಹೋಗಿಬರಲಿ ಎಂದಿದ್ದ ದೊಡ್ಡೀರಪ್ಪ. ಅವಳಿಗೆ ಅವನು ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಆ ದೇಶದಲ್ಲಿ ನಮ್ಮ ಸರ್ಕಾರದ ಒಂದು ಕಚೇರಿಯೂ ಇಲ್ಲ, ಕಷ್ಟಕ್ಕೆ ಸಿಕ್ಕಿದರೆ ಹೋಗಿ ವಿಚಾರಿಸಲು ಒಬ್ಬ ಗುಮಾಸ್ತನೂ ಇಲ್ಲ. ಅದನ್ನು ಹೇಳಿದರೆ ಯಾಕಿಲ್ಲ ಎಂದು ಅವಳು ಕೇಳುತ್ತಾಳೆ. ಯಾಕಿಲ್ಲ ಎಂದರೆ ಇವನ ದೆಸೆಯಿಂದ ಇಲ್ಲ.

ದೊಡ್ಡೀರಪ್ಪ ಹುಟ್ಟಿದ್ದು ಮೊಳಕಾಲ್ಮುರಿನಿಂದಾಚೆಯ ಒಂದು ಹಟ್ಟಿಯಲ್ಲಿ. ಅಪ್ಪನ ಕುರಿ ಕಾಯುತ್ತಲೇ ಶಾಲೆ ಕಲಿತ, ಹಾಸ್ಟೆಲ್ಲಿನ ಮುದ್ದೆ ಉಂಡು ಕಾಲೇಜು ಮುಗಿಸಿದ, ದೆಹಲಿಗೆ ಹೋಗಿ ಡಾಕ್ಟರಾದ. ಹೊರದೇಶಗಳಲ್ಲಿ ಉಪನ್ಯಾಸಕ್ಕೆ ನಿಂತಾಗಲೆಲ್ಲ, ಬ್ರಹ್ಮಗಿರಿಯಲ್ಲಿ ಚಕ್ರವರ್ತಿಯ ಶಾಸನದ ಬಂಡೆಗೆ ಒರಗಿ ಕುರಿ ಮೇಯಿಸಿದವನು ತಾನು ಎಂದು ಶುರುಮಾಡುತ್ತಿದ್ದ. ಕೋಟು ತೊಟ್ಟವರೆಲ್ಲ ತಲೆದೂಗುತ್ತಿದ್ದರು. ಒರಗಿದ್ದು ಸುಳ್ಳು. ಆದರೆ ಅಷ್ಟಾದರೂ ಸುಳ್ಳಿಲ್ಲದೆ ಉಪನ್ಯಾಸ ಕಳೆಗಟ್ಟುವುದಿಲ್ಲ.

ಅವನ ಹೆಸರು ನಿಂತದ್ದು ಒಂದೇ ಒಂದು ಲೇಖನದಿಂದ. ಬಂದೂಕು ತೋರಿಸಿ ಅಧಿಕಾರ ಹಿಡಿದವರ ಜೊತೆ ಜಗಳವೂ ಬೇಡ, ಮಾತೂ ಬೇಡ. ನಮ್ಮ ರಾಯಭಾರ ಕಚೇರಿಗೆ ಬೀಗ ಜಡಿದು ಎದ್ದು ಬಂದುಬಿಡಬೇಕು, ನಮ್ಮ ಗೈರುಹಾಜರಿಯೇ ಅವರನ್ನು ಹಣ್ಣು ಮಾಡುತ್ತದೆ ಎಂಬುದು ಅದರ ಸಾರ. ಉದಾಹರಣೆಗೆಂದು ಅವನು ಎತ್ತಿಕೊಂಡದ್ದು ಆಗಷ್ಟೇ ಸೈನ್ಯದ ಕೈಗೆ ಬಿದ್ದಿದ್ದ ಶೇಂಗಾ ದೇಶವನ್ನು. ದೆಹಲಿ ಅವನ ಮಾತು ಕೇಳಿತು. ಒಂಬತ್ತು ವರ್ಷದ ಹಿಂದೆ ಅಲ್ಲಿನ ಕಚೇರಿಗೆ ಬೀಗ ಬಿತ್ತು, ದೊಡ್ಡೀರಪ್ಪನ ಹೆಗಲಿಗೆ ಶಾಲು ಬಿತ್ತು. ಸಲಹೆಗಾರನೆಂಬ ಪದವಿ, ಸಮಿತಿಗಳು, ಸೆಮಿನಾರುಗಳು ಎಲ್ಲ ಅದರ ಹಿಂದೆಯೇ ಬಂದವು. ಆ ದೇಶಕ್ಕೆ ಮಾತ್ರ ಅವನು ಒಂದು ಸಲವೂ ಹೋಗಿರಲಿಲ್ಲ.

ಲೋಹಿತ ಸಿಕ್ಕಿಬಿದ್ದ ಸುದ್ದಿ ಅಜ್ಜಪ್ಪನ ಕಡೆಯಿಂದ ಬಂದ ದಿನವೇ ಜುಂಜಮ್ಮ ಮೊಳಕಾಲ್ಮುರಿನಲ್ಲಿ ಬಸ್ಸು ಹತ್ತಿ ಅಣ್ಣನ ಮನೆಗೆ ಬಂದವಳು ಮತ್ತೆ ಹಿಂದಕ್ಕೆ ಹೋಗಲಿಲ್ಲ. ಬೆಳಗಾದರೆ ಅಣ್ಣನೆದುರು ಕೂತು ಅವನು ಫೋನು ಮಾಡುವುದನ್ನೇ ನೋಡುತ್ತಿದ್ದಳು. ದೊಡ್ಡೀರಪ್ಪ ತನಗೆ ಗೊತ್ತಿದ್ದವರನ್ನೆಲ್ಲ ಬೇಡಿಕೊಂಡ. ತಾನು ಪಾಠ ಹೇಳಿದವರು, ತನ್ನ ಕೈಯಲ್ಲಿ ಶಿಫಾರಸು ಪತ್ರ ಬರೆಸಿಕೊಂಡವರು, ಒಂದೇ ತಟ್ಟೆಯಲ್ಲಿ ಸಮೋಸ ತಿಂದವರು. ‘ವಿಷಯ ನಮ್ಮ ಗಮನದಲ್ಲಿದೆ, ಪರಿಸ್ಥಿತಿಯನ್ನು ಅವಲೋಕಿಸುತ್ತಿದ್ದೇವೆ’ ಎಂದು ಎಲ್ಲರೂ ಮರ್ಯಾದೆಯಿಂದ ಹೇಳಿದರು. ಆ ವಾಕ್ಯದ ಒಳಗೆ ಏನೂ ಇಲ್ಲವೆನ್ನುವುದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಅಂಥವನ್ನು ಬರೆದುಕೊಟ್ಟೇ ಅವನು ಪಿಂಚಣಿ ಸಂಪಾದಿಸಿದ್ದ.

“ಏನಂದ್ರಣ್ಣ?” ಎಂದು ಪ್ರತಿ ಸಲವೂ ಜುಂಜಮ್ಮ ಕೇಳುತ್ತಿದ್ದಳು.

“ನೋಡ್ತಾರಂತೆ.”

“ನೋಡೋದು ಎಷ್ಟು ದಿನ ಅಂತ ಕೇಳು.”

ಅದನ್ನು ಅವನು ಯಾರನ್ನೂ ಕೇಳಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಅರವತ್ತೆಂಟು ವರ್ಷದ ಮನುಷ್ಯ ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತ. ಅವನಿಗೆ ಮಕ್ಕಳಿರಲಿಲ್ಲ. ದೆಹಲಿಯಲ್ಲಿ ಹೆಂಡತಿ ತೀರಿಕೊಂಡಾಗ ಎರಡು ದಿನ ರೈಲಿನಲ್ಲಿ ನಿಂತುಕೊಂಡೇ ಬಂದು ಅವನ ಪಕ್ಕ ಕೂತಿದ್ದವನು ಲೋಹಿತ ಒಬ್ಬನೇ.

ನಲವತ್ತೊಂದನೆಯ ದಿನ ಮಾರುತೇಶ ಬಂದ. ಮೂರು ದೇಶ ಸುತ್ತಿ, ಹೇಗೋ ಊರು ಸೇರಿ, ಮಾರನೆಯ ದಿನವೇ ನಾಯಕನಹಟ್ಟಿಯಿಂದ ಬಸ್ಸು ಹತ್ತಿ ನೇರ ಇಲ್ಲಿಗೇ ಬಂದಿದ್ದ. ಕೆನ್ನೆ ಒಳಕ್ಕೆ ಹೋಗಿ ಗುರುತೇ ಸಿಗುವಂತಿರಲಿಲ್ಲ. ಜುಂಜಮ್ಮ ಕೊಟ್ಟ ನೀರನ್ನು ಕುಡಿದು ಅವನು ಶುರುಮಾಡಿದ.

“ಮಿಲ್ಲಿಂದ ವಾಪಸ್ ಬರ್ತಿದ್ವಿ ಸಾರ್. ದಾರೀಲಿ ಸೈನ್ಯದೋರು ಲಾರಿ ತಡುದ್ರು. ಎಲ್ರುನೂ ಇಳಿಸಿ ಚೀಲ ಸುರುವಿದ್ರು. ಲೋಹಿತನ ಚೀಲ್ದಾಗೆ ಒಂದು ನೋಟ್‌ಬುಕ್ ಇತ್ತು. ಎಕ್ಸ್‌ಪೆಲ್ಲರ್ದು ಶಾಫ್ಟು, ಗೇರು, ಎಲ್ಲಾ ಅಳತೆ ಹಾಕಿ ಚಿತ್ರ ಬರ್ಕಂಡಿದ್ದ. ಅವ್ರು ಅದನ್ನ ಬಾಂಬಿಂದೋ ಏನೋ ಅಂದ್ಕಂಡ್ರು. ಮಂಡಿ ಊರ್ಸಿ ಕೂರಿಸಿದ್ರು.”

“ಆಮೇಲೆ?”

“ಆಮೇಲೆ ಅವನು ನಿಮ್ಮ ಹೆಸ್ರು ಹೇಳ್ದ ಸಾರ್. ಡಾಕ್ಟರ್ ದೊಡ್ಡೀರಪ್ಪ, ದಿಲ್ಲಿ, ನನ್ನ ಮಾವ, ಅಂತ. ಒಬ್ಬ ಆಫೀಸರು ಫೋನಿನಾಗೆ ಹುಡುಕ್ದ. ನಿಮ್ಮ ಫೋಟೋ ಬಂತು. ನೋಡ್ತಿದ್ದಂಗೆ ಇವನ್ನ ಎಬ್ಬಿಸಿ, ನೀರು ಕೊಟ್ಟು, ಜೀಪಿನಾಗೆ ಕೂರಿಸ್ಕಂಡು ಹೋದ್ರು. ನನ್ನ ಹತ್ರ ಏನೂ ಇರ್ಲಿಲ್ಲ. ಸಂಜೆಗೆ ಓಡು ಅಂತ ಬಿಟ್ರು.”

ಜುಂಜಮ್ಮನ ಮುಖದಲ್ಲಿ ನಲವತ್ತೊಂದು ದಿನದ ಮೇಲೆ ಸ್ವಲ್ಪ ರಕ್ತ ಆಡಿತು. “ನೋಡ್ದೇನಣ್ಣ! ಹೆಸ್ರು ಹೇಳೈತೆ ನನ್ನ ಕೂಸು!” ಎಂದಳು.

ಅವಳ ಸಂತೋಷಕ್ಕೆ ಕಾರಣವಿತ್ತು. ಅವರ ಹಟ್ಟಿಯಲ್ಲೊಂದು ಪದ್ಧತಿ. ಕುರಿ ಹೊಡೆದುಕೊಂಡು ದೂರ ಹೋದವನು ಕಂಡವರ ಹೊಲದಲ್ಲಿ ಸಿಕ್ಕಿಬಿದ್ದರೆ ಅಪ್ಪನ ಹೆಸರು ಹೇಳುವುದಿಲ್ಲ, ತಾಯಿಯ ಅಣ್ಣನ ಹೆಸರು ಹೇಳುತ್ತಾನೆ. ಇಂಥವರ ಅಳಿಯ ಎಂದ ಮೇಲೆ ಅವನನ್ನು ಬೈಯಬಹುದು, ಕಟ್ಟಿಹಾಕಬಹುದು, ಕೈಮಾಡುವಂತಿಲ್ಲ. ಮಾವನಿಗೆ ಹೇಳಿ ಕಳಿಸುತ್ತಾರೆ. ಮಾವ ಬಂದು, ಹೌದು ಇವನು ನನ್ನ ಅಳಿಯ ಎಂದು ಪಕ್ಕದಲ್ಲಿ ಕೂರುತ್ತಾನೆ, ಮಾತುಕತೆ ಶುರುವಾಗುತ್ತದೆ. ಲೋಹಿತನನ್ನು ಬಸ್ಸು ಹತ್ತಿಸುವಾಗಲೂ ಅವಳು, “ಯಾರನ ತಡುದ್ರೆ ಹೆದರ್ಕಬ್ಯಾಡ, ಮಾವನ ಹೆಸ್ರು ಹೇಳು” ಎಂದಿದ್ದಳು. ದೊಡ್ಡೀರಪ್ಪ ಪಕ್ಕದಲ್ಲೇ ನಿಂತು ನಕ್ಕಿದ್ದ.

ಈಗ ಅವನು ನಗಲಿಲ್ಲ. ಆ ಆಫೀಸರ ಫೋನಿನಲ್ಲಿ ಬರೀ ತನ್ನ ಫೋಟೋ ಬಂದಿರುವುದಿಲ್ಲ, ಲೇಖನವೂ ಬಂದಿರುತ್ತದೆ. ತಮ್ಮ ದೇಶದ ಬಾಗಿಲಿಗೆ ಬೀಗ ಹಾಕಿಸಿದವನ ಅಳಿಯ ತಾನಾಗಿ ಬಂದು ಕೈಗೆ ಸಿಕ್ಕರೆ ಯಾರು ಬಿಟ್ಟಾರು? ಏನೂ ಇಲ್ಲದ ಮಾರುತೇಶನನ್ನು ಸಂಜೆಗೆ ಬಿಟ್ಟರು. ಹೆಸರಿದ್ದವನನ್ನು ಇಟ್ಟುಕೊಂಡರು. ಲೆಕ್ಕ ಅವನಿಗೆ ಸ್ಪಷ್ಟವಾಗಿ ಕಂಡಿತು. ಮಾರುತೇಶ ಹೇಳಿದ್ದರಲ್ಲಿ ಆ ನೋಟ್‌ಬುಕ್ಕೂ ಇತ್ತು, ಮಂಡಿ ಊರಿಸಿದ್ದೂ ಇತ್ತು. ಅದರ ಕಡೆ ಅವನ ಗಮನ ಹೋಗಲಿಲ್ಲ. ತನ್ನ ಹೆಸರು ಬಂದಲ್ಲಿ ಓದುವುದನ್ನು ನಿಲ್ಲಿಸುವುದು ವಿದ್ವಾಂಸರ ಹಳೆಯ ಚಾಳಿ.

ಎರಡು ದಿನ ಕಳೆದು ಕಾವ್ಯಳ ಫೋನು ಬಂತು. ಅವನ ಹಳೆಯ ವಿದ್ಯಾರ್ಥಿನಿ, ಆ ದೇಶದ ಪಕ್ಕದ ದೇಶದಲ್ಲಿ ನಿರಾಶ್ರಿತರಿಗೆ ಅನ್ನ, ಔಷಧಿ ಹಂಚುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಹೇಗೆ ಹೇಗೋ ಹುಡುಕಿ ಲೋಹಿತನನ್ನು ಇಟ್ಟುಕೊಂಡಿರುವ ಕರ್ನಲ್‌ನವರೆಗೆ ದಾರಿ ಮಾಡಿಕೊಂಡಿದ್ದಳು.

“ಬದುಕಿದಾರೆ ಸರ್. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕರ್ನಲ್ ನಿಮಗೆ ವಿಡಿಯೋ ಕಾಲ್ ಮಾಡ್ತಾನೆ. ಲೋಹಿತ್ ನಿಜವಾಗ್ಲೂ ನಿಮ್ಮ ಸಂಬಂಧಿಕರಾ ಅಂತ ನಿಮ್ಮ ಬಾಯಿಂದಲೇ ಕೇಳಬೇಕಂತೆ. ಒಂದೇ ಸಲ ಅಂತೆ ಸರ್, ಆಮೇಲೆ ಆ ನಂಬರ್ ಇರಲ್ಲ. ಏನು ಹೇಳಬೇಕು ಅಂತ ನೀವೇ ಯೋಚನೆ ಮಾಡಿ. ಇದರಲ್ಲಿ ನಿಮಗಿಂತ ತಿಳಿದೋರು ಯಾರಿದಾರೆ?”

ಆ ಕೊನೆಯ ಮಾತು ಅವನಿಗೆ ಆ ಹೊತ್ತಿನಲ್ಲೂ ಹಿತವಾಗಿ ಕೇಳಿಸಿತು, ಪಾಪ.

ಜುಂಜಮ್ಮನನ್ನು ಎದುರಿಗೆ ಕೂರಿಸಿಕೊಂಡು ಅವನು ತನ್ನ ಯೋಚನೆ ಹೇಳಿದ. ಇವನು ಯಾರೋ ನನಗೆ ಗೊತ್ತಿಲ್ಲ ಎಂದುಬಿಡುತ್ತೇನೆ ಎಂದ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ಎದ್ದು ನಿಂತಳು. “ಏನ್ ಮಾತಾಡ್ತೀಯಣ್ಣ? ಹೆಸ್ರು ಹೇಳಿ ಕಾಯ್ಕಂಡು ಕುಂತೈತೆ ಅದು. ಅಲ್ಲ ಅನ್ನಕಾಗ್ತದಾ?”

“ಜುಂಜೀ, ಅವರು ನಮ್ಮ ಹಟ್ಟಿಯೋರಲ್ಲ. ನನ್ನ ಹೆಸರಿಗೋಸ್ಕರಾನೇ ಅವನನ್ನ ಹಿಡಿದಿಟ್ಕೊಂಡಿದಾರೆ. ಬರೀ ಫಿಟ್ಟರು ಅಂತ ಗೊತ್ತಾದ್ರೆ ಇಟ್ಕೊಂಡು ಏನು ಮಾಡ್ತಾರೆ? ಮಾರುತೇಶನ್ನ ಬಿಟ್ಟಂಗೆ ಬಿಡ್ತಾರೆ.”

“ನಮ್ಮ ಅಪ್ಪ ಯಾವತ್ತನ ಅಲ್ಲ ಅಂದಿದ್ನಾ? ಆಂಧ್ರದೋರು ನಮ್ಮತ್ತೆ ಮಗ ಪಾತಣ್ಣನ್ನ ಕಟ್ಟಿಹಾಕಿದಾಗ ಜ್ವರದಾಗೆ ಎದ್ದು ಹೋಗ್ಲಿಲ್ವಾ?”

“ಅಪ್ಪನಿಗೆ ದಾಟೋಕೆ ಇದ್ದಿದ್ದು ಒಂದು ಹಳ್ಳ. ಇದು ಬೇರೆ ಕಣವ್ವ. ಇದೇ ನನ್ನ ಕೆಲ್ಸ. ನಲವತ್ತು ವರ್ಷ ಇದನ್ನೇ ಓದಿದೀನಿ.”

ಅವಳು ಅಣ್ಣನ ಮುಖ ನೋಡಿದಳು. ಓದಿದ ಅಣ್ಣ. ಹಟ್ಟಿಗೆ ಮೊದಲು ಪ್ಯಾಂಟು ಹಾಕಿಕೊಂಡು ಬಂದವನು. ಅವನ ಫೀಸಿಗೆಂದು ಅವಳ ಪಾಲಿನ ಎರಡು ಮರಿಗಳನ್ನು ಅಪ್ಪ ಮಾರಿದಾಗಲೂ ಅವಳು ಎದುರಾಡಿರಲಿಲ್ಲ. ಈಗಲೂ ಕೊನೆಗೆ, “ನಂಗೇನು ತಿಳೀತೈತೆ? ನೀನು ಹೆಂಗಂತೀಯೋ ಹಂಗೆ” ಎಂದು ಕೂತಳು.

ಮಾರನೆಯ ದಿನ ಹತ್ತೂವರೆಗೇ ಅವನು ಮೇಜಿನ ಮೇಲೆ ಫೋನನ್ನು ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿದ. ಜುಂಜಮ್ಮನನ್ನು ಫೋನಿನ ಹಿಂಬದಿಗೆ, ಗೋಡೆಯ ಪಕ್ಕ ಕೂರಿಸಿದ. ಅವಳ ಮುಖ ಲೋಹಿತನಿಗೆ ಕಾಣಬಾರದು, ಕಂಡರೆ ಕೂಗಿಬಿಡುತ್ತಾನೆ.

“ನಂಗಾದ್ರೂ ಅವನ ಮಖ ಕಾಣಲಿ ಕಣಣ್ಣ.”

“ಬೇಡ. ಉಸಿರೂ ಬಿಡಬೇಡ. ನಿನ್ನ ಒಂದು ಸದ್ದು ಕೇಳಿಸಿದ್ರೂ ಅವನು ಹೋದಂಗೆ.”

ಅವಳು ಸೆರಗನ್ನು ಉಂಡೆ ಮಾಡಿ ಬಾಯೊಳಗೆ ತುರುಕಿಕೊಂಡಳು. ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಫೋನು ಬಂತು.

ಕರ್ನಲ್ ಅವನೆಣಿಸಿದಂತೆ ಗಡವನಾಗಿರಲಿಲ್ಲ. ಕನ್ನಡಕದ, ಮೆಲುದನಿಯ ಮನುಷ್ಯ, ಒಳ್ಳೆಯ ಇಂಗ್ಲಿಷು. “ನಿಮ್ಮ ಲೇಖನ ಓದಿದ್ದೇನೆ ಪ್ರೊಫೆಸರ್. ಎರಡು ಸಲ” ಎಂದ. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಫೋನು ಆಚೆಗೆ ತಿರುಗಿತು.

ಲೋಹಿತ ಒಂದು ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬಂದಿತ್ತು, ಯಾರದೋ ದೊಡ್ಡ ಅಂಗಿ ತೊಟ್ಟಿದ್ದ, ಬಲಗೈಯ ಎರಡು ಬೆರಳಿಗೆ ಕೊಳೆ ಬಟ್ಟೆ ಸುತ್ತಿತ್ತು. ಪರದೆಯಲ್ಲಿ ಮಾವನ ಮುಖ ಕಂಡದ್ದೇ ತಡ ಅವನು ನಕ್ಕ. ಬಂದೇ ಬರುತ್ತಾನೆಂದು ಗೊತ್ತಿದ್ದವನು ಬಂದಾಗ ನಗುವ ನಗು ಅದು. “ಮಾವ!” ಎಂದ.

ಗೋಡೆಯ ಪಕ್ಕದಲ್ಲಿ ಜುಂಜಮ್ಮನ ಮೈ ಒಮ್ಮೆ ಅಲುಗಿತು.

“ಇವನು ನಿಮ್ಮ ತಂಗಿಯ ಮಗನೆ?” ಕರ್ನಲ್‌ನ ದನಿ ಕೇಳಿತು.

“ಅಲ್ಲ. ಇವರನ್ನು ನಾನು ನೋಡಿಯೇ ಇಲ್ಲ” ಎಂದ ದೊಡ್ಡೀರಪ್ಪ ಇಂಗ್ಲಿಷಿನಲ್ಲಿ. ದನಿ ನಡುಗಲಿಲ್ಲ. ನಲವತ್ತು ವರ್ಷದ ಅಭ್ಯಾಸ.

ಲೋಹಿತನಿಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ನಗು ಮುಖದ ಮೇಲೆ ಇನ್ನೂ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. “ಮಾವ, ನಾನು ಲೋಹಿತ. ಗಡ್ಡ ಬಂದೈತೆ, ಅದ್ಕೆ ಗೊತ್ತಾಗ್ಲಿಲ್ವೇನೋ. ನಿಮ್ಮ ತಂಗಿ ಜುಂಜಮ್ಮನ ಮಗ ಮಾವ.”

“ನಿಮ್ಮದೇ ಭಾಷೆಯಲ್ಲಿ ಮಾತಾಡುತ್ತಿದ್ದಾನಲ್ಲ?” ಎಂದ ಕರ್ನಲ್.

“ನನಗೆ ಅರ್ಥವಾಗುತ್ತಿಲ್ಲ. ನಮ್ಮಲ್ಲಿ ಬಹಳ ಭಾಷೆಗಳಿವೆ.”

ಇದನ್ನು ಹೇಳಿದ ಮೇಲೆ ದೊಡ್ಡೀರಪ್ಪನಿಗೆ ತನ್ನ ಬಾಯಿಯೇ ಬೇರೆಯವನದೆನಿಸಿತು. ಅವ್ವನ ಹಾಲು ಕುಡಿಯುತ್ತ ಕಲಿತ ಮಾತು, ಅದನ್ನೇ ಗೊತ್ತಿಲ್ಲ ಎಂದುಬಿಟ್ಟಿದ್ದ. ಇನ್ನು ಸ್ವಲ್ಪ ಹೊತ್ತು, ಸ್ವಲ್ಪವೇ ಹೊತ್ತು, ಆಮೇಲೆ ಕೂಸು ಮನೆಗೆ ಬರುತ್ತದೆ, ಆಗ ಕಾಲು ಹಿಡಿದರಾಯಿತು ಎಂದು ಒಳಗೇ ಜಪಿಸುತ್ತಿದ್ದ.

ಲೋಹಿತ ಮತ್ತೆ ಸಂಬಂಧದ ಮಾತೆತ್ತಲಿಲ್ಲ. ತಲೆ ಬಗ್ಗಿಸಿ ಕೂತ. ಯಾರನ್ನೂ ನೋಡದೆ, “ಅವ್ವ ಹೆಂಗೈತೆ, ಅಷ್ಟಾದ್ರೂ ಹೇಳ್ರಿ” ಎಂದ.

ಅವ್ವ ಮೂರು ಮೊಳ ದೂರದಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಗಂಟಲಿಂದ ಒಂದು ಸದ್ದೂ ಇಲ್ಲ. ದೊಡ್ಡೀರಪ್ಪ ಅವಳ ಕಡೆ ತಿರುಗಲಿಲ್ಲ. ತಿರುಗಿದರೆ ಮುಗಿಯಿತೆಂದು ಗೊತ್ತಿತ್ತು. ತನಗೆ ಬೇರೆ ಕೆಲಸವಿದೆ ಎನ್ನುವವನಂತೆ ಕೈಗಡಿಯಾರ ನೋಡಿಕೊಂಡ.

ಪರದೆಗೆ ಮತ್ತೆ ಕನ್ನಡಕದ ಮುಖ ಬಂತು. ಕರ್ನಲ್ ನಿಜವಾಗಿಯೂ ಬೇಸರಗೊಂಡಂತಿದ್ದ.

“ನಿಮ್ಮ ಸಮಯ ಹಾಳು ಮಾಡಿದೆ, ಕ್ಷಮಿಸಿ. ಇವನ ಜೊತೆ ಸೆರೆಯಲ್ಲಿದ್ದ ಐವರು ಗೂಢಚಾರರನ್ನು ಕಳೆದ ಶುಕ್ರವಾರ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದೆವು. ಆ ಚಿತ್ರಗಳ ಪುಸ್ತಕದ ದೆಸೆಯಿಂದ ಪಟ್ಟಿಯಲ್ಲಿ ಇವನೂ ಇದ್ದ. ನಿಮ್ಮ ಅಳಿಯ ಎಂದು ನಂಬಿ ನಾನೇ ಹೆಸರು ಹೊಡೆದುಹಾಕಿಸಿದೆ. ನಿಮ್ಮ ಸರ್ಕಾರದ ಜೊತೆ ಮಾತು ಶುರುಮಾಡಲು ಇವನನ್ನು ಮನೆಗೆ ಕಳಿಸುವುದೇ ಒಳ್ಳೆಯ ದಾರಿ ಎಂದುಕೊಂಡಿದ್ದೆ. ನಿಮ್ಮ ಮನೆಯವನಾಗಿದ್ದರೆ ಇವತ್ತೇ ಕಾರು ಹತ್ತಿಸುತ್ತಿದ್ದೆ. ಇರಲಿ. ನಮಸ್ಕಾರ ಪ್ರೊಫೆಸರ್.”

“ನಿಲ್ಲಿ!” ದೊಡ್ಡೀರಪ್ಪ ಎರಡೂ ಕೈಯಲ್ಲಿ ಫೋನನ್ನು ಬಾಚಿಕೊಂಡ. “ಅವನು ನನ್ನ ತಂಗಿ ಮಗ! ನನ್ನ ಅಳಿಯ! ನಾನು ಸುಳ್ಳು ಹೇಳಿದೆ, ನನ್ನ ಅಳಿಯ ಅವನು!” ಇಂಗ್ಲಿಷಿನಲ್ಲಿ ಶುರುವಾದದ್ದು ಅರ್ಧದಲ್ಲೇ ಕನ್ನಡಕ್ಕೆ ಹೊರಳಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ಗಾಡಿ ನಿಧಾನ ಮಾಡಿ ಕಿಟಕಿಯ ಕಡೆ ನೋಡಿದ. ಪರದೆ ಕಪ್ಪಾಗಿತ್ತು. ಅವನು ಮತ್ತೆ ಆ ನಂಬರು ಒತ್ತಿದ, ಮತ್ತೆ ಒತ್ತಿದ, ಕಾವ್ಯಳಿಗೆ ಒತ್ತಿದ, ಮತ್ತೆ ಆ ನಂಬರು ಒತ್ತಿದ. ಅಂಥ ನಂಬರೇ ಇಲ್ಲವೆಂದು ಒಂದು ಹೆಣ್ಣು ದನಿ ಪರಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು.

ಜುಂಜಮ್ಮ ಬಾಯಿಂದ ಸೆರಗನ್ನು ಎಳೆದುಕೊಂಡು ಹತ್ತಿರ ಬಂದಳು. ಕರ್ನಲ್ ಆಡಿದ್ದರಲ್ಲಿ ಅವಳಿಗೆ ಒಂದು ಮಾತೂ ತಿಳಿದಿರಲಿಲ್ಲ. ಅಣ್ಣ ಕೊನೆಗೆ ಕೂಗಿದ್ದು ಮಾತ್ರ ತಿಳಿದಿತ್ತು. ಅವಳ ಒದ್ದೆ ಮುಖದಲ್ಲಿ ಏನೋ ಒಂದು ನೆಮ್ಮದಿ ಮೂಡುತ್ತಿತ್ತು.

“ಅಳಿಯ ಅಂತ ಹೇಳ್ದಲ್ಲಣ್ಣ ಕೊನೀಗೆ. ಒಳ್ಳೇದು ಮಾಡ್ದೆ. ಕೇಳಿಸ್ಕಂಡ್ರಾ ಅವ್ರು?”

ಯಾವ ಪ್ರಶ್ನೆಗೂ ನೇರ ಉತ್ತರ ಕೊಡದೆ ನಲವತ್ತು ವರ್ಷ ಬದುಕಿದ ಮನುಷ್ಯ ತಂಗಿಯ ಎರಡೂ ಕೈ ಹಿಡಿದುಕೊಂಡ. “ಇಲ್ಲ ಕಣವ್ವ” ಎಂದ. “ಕೇಳಿಸ್ಲಿಲ್ಲ.”